ಕರೆಂಟಿಲ್ಲದ ಸಂಜೆಗೊಂದು ಕೊಲೆ

ಬರ್ಮಿಂಗ್‌ಹ್ಯಾಮ್
ಜುಲೈ 20

ಪ್ರೀತಿಯ ಅಪ್ಪ, ಅಮ್ಮ, ಅಜ್ಜಿ,

ನಾನು ಕ್ಷೇಮ. ಸೋಮವಾರಪೇಟೆ ಕಡೆ ಮಳೆ ಬಿಟ್ಟೇ ಇಲ್ಲ, ಐದು ದಿನದಿಂದ ಕರೆಂಟಿಲ್ಲ ಅಂತ ತಮ್ಮ ಹೇಳುವಷ್ಟರಲ್ಲಿ ಫೋನ್ ಕಟ್ಟಾಯಿತು. ಅದಕ್ಕೇ ಕಾಗದ. ಇದು ತಲುಪುವಾಗ ಕಕ್ಕಡ ಹದಿನೆಂಟರ ಹಬ್ಬ ಕಳೆದಿರಬಹುದು. ಮದ್ದುಸೊಪ್ಪಿನ ಪಾಯಸದಲ್ಲಿ ನನ್ನ ಪಾಲು ತಮ್ಮನಿಗೆ ಕೊಡಿ.

ಅಪ್ಪ, ಡ್ಯೂಟಿ ಮುಗಿಸಿ ಬಂದ ಮೇಲೆ ನನಗೀಗ ಒಂದು ಹುಚ್ಚು. ಕೊಲೆಗಾರನನ್ನು ಹಿಡಿಯುವ ಒಗಟು. ಕಥೆ ಎರಡೇ ಸಾಲು, ಉಳಿದದ್ದೆಲ್ಲ ತರ್ಕ. ಇಷ್ಟು ಜನ, ಇಷ್ಟು ಆಯುಧ, ಇಷ್ಟು ಜಾಗ ಅಂತ ಕೊಟ್ಟಿರುತ್ತಾರೆ. ಒಬ್ಬರಿಗೆ ಒಂದೇ ಆಯುಧ, ಒಂದೇ ಜಾಗ. ಗೆರೆ ಎಳೆದು ಮನೆ ಮಾಡಿಕೊಂಡು, ಆಗದ್ದಕ್ಕೆ ಇಂಟು, ಖಚಿತವಾದದ್ದಕ್ಕೆ ರೈಟು ಹಾಕುತ್ತಾ ಹೋಗಬೇಕು. ಹೆಚ್ಚಿನ ಕೆಲಸ ಇಂಟಿನದ್ದೇ. ಮೂರು ಮನೆಯ ಸಾಲಿನಲ್ಲಿ ಎರಡು ಇಂಟು ಬಿದ್ದರೆ ಮೂರನೆಯದು ತಾನಾಗಿ ಬಾಯಿಬಿಡುತ್ತದೆ. ಆ ಒಂದು ಕ್ಷಣಕ್ಕಾಗಿ ನಿದ್ದೆಗೆಟ್ಟು ಕೂರುತ್ತೇನೆ.

ಹಲಗೆಯ ಮೇಲೆ ಕೊಲೆಗಾರನನ್ನು ಹುಡುಕುವ ಕ್ಲೂಡೋ ಆಟ ಹುಟ್ಟಿದ್ದೂ ಇದೇ ಊರಲ್ಲಿ. ಎರಡನೇ ಮಹಾಯುದ್ಧದಲ್ಲಿ ಬಾಂಬಿನ ಭಯಕ್ಕೆ ರಾತ್ರಿ ಊರಿಡೀ ಕತ್ತಲಾಗಿದ್ದ ದಿನಗಳಲ್ಲಿ ಆ್ಯಂಥನಿ ಪ್ರ್ಯಾಟ್ ಎಂಬ ಸಂಗೀತಗಾರ ಅದನ್ನು ಕಟ್ಟಿದ. 1944ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಸಾಮಾನಿನ ಕೊರತೆಯಿಂದ ಆಟ ಅಂಗಡಿಗೆ ಬಂದದ್ದು 1949ಕ್ಕೆ. ಆರು ಜನ, ಆರು ಆಯುಧ, ಒಂಬತ್ತು ಕೋಣೆ, ಒಟ್ಟು 324 ಸಾಧ್ಯತೆ. ಓದುವಾಗ ನಮ್ಮ ಜಗಲಿಯ ಲಾಟೀನು ಕಣ್ಣಿಗೆ ಕಟ್ಟಿತು.

ನಾನು ಏಳನೇ ಕ್ಲಾಸಲ್ಲಿದ್ದಾಗ ಒಂದು ಚೀಲ ಕಾಫಿ ಚೆರಿ ಕಾಣೆಯಾಗಿತ್ತಲ್ಲ, ಅಪ್ಪ? ತೋಟದ ಆಳುಗಳ ಲೈನ್ ಮನೆಗೆ ಹೊಸದಾಗಿ ಬಂದ ಹುಡುಗನದ್ದೇ ಕೆಲಸ ಅಂದರು ಎಲ್ಲರೂ. ನಾನೂ ಅಂದೆ. ನೀವು ಮಾತ್ರ ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕ ತರಿಸಿ, ಯಾರು ಕಣದಲ್ಲಿದ್ದರು, ಯಾರು ಮೇಲಿನ ತೋಟದಲ್ಲಿ ಕುಯ್ಲಿಗೆ ಹೋಗಿದ್ದರು ಅಂತ ನೋಡುತ್ತಾ ಒಂದೊಂದೇ ಹೆಸರು ಹೊಡೆದುಹಾಕಿದಿರಿ. ಆ ಹುಡುಗನ ಹೆಸರು ಮೊದಲೇ ಹೋಯಿತು. ಕೊನೆಗೆ ಯಾರ ಹೆಸರೂ ಉಳಿಯಲಿಲ್ಲ. ಚೀಲ ಮರುದಿನ ಟಾರ್ಪಾಲಿನ ಅಡಿ ಸಿಕ್ಕಿತು. ಆಗ ನೀವು ನನ್ನ ಕೈ ಹಿಡಿದು ಲೈನ್ ಮನೆಗೆ ಕರೆದುಕೊಂಡು ಹೋದಿರಿ. ಈಗಲೂ ಊಹೆ ಮೇಲೆ ರೈಟು ಹಾಕಲು ಕೈ ಹೋದರೆ, ಬಾಗಿಲಲ್ಲಿ ನಿಂತಿದ್ದ ಆ ಹುಡುಗನ ಮುಖ ಎದುರಿಗೆ ಬರುತ್ತದೆ. ಪೆನ್ಸಿಲ್ ನಿಂತುಬಿಡುತ್ತದೆ.

ನಿಮಗಾಗಿ ಒಂದು ಒಗಟು ನಾನೇ ಕಟ್ಟಿದ್ದೇನೆ. ತೋಟದ ಸಾಹುಕಾರರ ಕೊಲೆಯಾಗಿದೆ. ರೈಟರು, ಅಡುಗೆಯವನು, ಡಾಕ್ಟರು. ಕತ್ತಿ, ಕೋವಿ, ವಿಷ. ಕಣ, ಗೋಡೌನು, ಕೊಟ್ಟಿಗೆ. ಕೋವಿ ಇದ್ದದ್ದು ಕಣದಲ್ಲಿ. ಡಾಕ್ಟರು ಕೋವಿ ಮುಟ್ಟಿಲ್ಲ, ಕೊಟ್ಟಿಗೆಗೂ ಹೋಗಿಲ್ಲ. ಅಡುಗೆಯವನ ಕೈಯಲ್ಲಿ ಕತ್ತಿಯಿತ್ತು. ಕೊಲೆ ನಡೆದದ್ದು ಗೋಡೌನಿನಲ್ಲಿ. ಇವನ್ನು ಜೋಡಿಸಲು 36 ದಾರಿ, ಸುಳಿವೆಲ್ಲ ಓದಿದ ಮೇಲೆ ಉಳಿಯುವುದು ಒಂದೇ.

ಅಜ್ಜಿ ಕೇಳಿದ ಕೂಡಲೇ ಕತ್ತಿ ಹಿಡಿದವನೇ ಅಂದುಬಿಡುತ್ತಾರೆ. ಅಮ್ಮ, ಅವರಿಗೆ ಗೆರೆ ಎಳೆದು ತೋರಿಸಿ.

ಉತ್ತರ ಬರೆದಿಲ್ಲ. ಲೈನ್ ಸರಿಯಾದ ದಿನ ಫೋನ್ ಮಾಡಿ, ಅಪ್ಪ. ಕೊಲೆಗಾರನ ಹೆಸರು ಆಮೇಲೆ. ಮೊದಲ ಇಂಟು ಎಲ್ಲಿ ಹಾಕಿದಿರಿ, ಅದನ್ನು ಹೇಳಿ.

ನಿಮ್ಮ ಮಗಳು