ಅಪ್ಪನಿಗೆ, ಕಾಲಿನ ವಿಷಯವಾಗಿ

ಡಲ್ಲಾಸ್, ಭಾನುವಾರ ರಾತ್ರಿ

ತೀರ್ಥರೂಪು ಅಪ್ಪ, ಅಮ್ಮನಿಗೆ ನಮಸ್ಕಾರ. ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಪತ್ರ ಬಂತು.

"ಮೇಷ್ಟ್ರ ಮೊಮ್ಮಗನೇ ಶಾಲೆಗೆ ಹೋಗಲ್ಲ ಅಂದರೆ ಕೋಲಾರದಲ್ಲಿ ಏನಂತ ಹೇಳಲಿ" ಅಂತ ಬರೆದಿದ್ದೀರಿ. ಸುಮಕ್ಕ ಹೆದರಿಸಿದ ಹಾಗೆ ಪೊಲೀಸರು ಬರುವುದಿಲ್ಲ ಅಪ್ಪ. ಟೆಕ್ಸಾಸ್‌ನಲ್ಲಿ ಮಗುವಿಗೆ ಮನೆಯಲ್ಲೇ ಓದಿಸಲು ಸರ್ಕಾರಕ್ಕೆ ಒಂದು ಅರ್ಜಿಯನ್ನೂ ಕೊಡಬೇಕಿಲ್ಲ. ಇಲ್ಲಿ ರಾಜ್ಯಕ್ಕೊಂದು ಸುಪ್ರೀಂ ಕೋರ್ಟು. ಮನೆಶಾಲೆಯೂ ಖಾಸಗಿ ಶಾಲೆಯ ಲೆಕ್ಕವೇ ಅಂತ ಅದು 1994ರಲ್ಲೇ ಹೇಳಿದೆ. ಕಲಿಸಬೇಕಾದ್ದು ಐದು: ಓದು, ಸ್ಪೆಲ್ಲಿಂಗು, ವ್ಯಾಕರಣ, ಲೆಕ್ಕ, ಆಮೇಲೆ ಒಳ್ಳೆ ಪ್ರಜೆಯಾಗುವುದು. ಯಾವುದಕ್ಕೂ ಸರ್ಕಾರದ ಪರೀಕ್ಷೆ ಇಲ್ಲ, ಐದನೆಯದಕ್ಕೂ ಇಲ್ಲ, ಪುಣ್ಯ. ಸುಮಕ್ಕ ಹೆದರಿಸಿದ್ದು ಜರ್ಮನಿಯ ಕಥೆ. ಅಲ್ಲಿ ಹೀಗೆ ಮಾಡಿದರೆ ದಂಡ ಹಾಕುತ್ತಾರೆ, ನಿಜ. ಇಲ್ಲಿಲ್ಲ.

ಪುಟ್ಟ ದಿನಾ ಬರೆಯುತ್ತಾನೆ. ಅದಕ್ಕೇ ಒಂದು ಪುಸ್ತಕ ತಂದಿದ್ದೇನೆ. ಪ್ರತಿ ಪುಟದ ಮೇಲೂ ಒಂದು ಪ್ರಶ್ನೆ, ಕೆಳಗೆ ಚಿತ್ರಕ್ಕೆ ಖಾಲಿ ಜಾಗ, ಅದರ ಕೆಳಗೆ ನಾಲ್ಕು ಅಗಲ ಗೆರೆ. ಇಲ್ಲಿ ಇಂಥ ಪುಸ್ತಕ ದೊಡ್ಡವರಿಗೂ ಇದೆ. ಬಸುರಿಗೊಂದು, ತೋಟ ಮಾಡುವವರಿಗೊಂದು! ಏನು ಬರೆಯಬೇಕು ಅಂತಲೂ ದುಡ್ಡು ಕೊಟ್ಟು ಕೇಳಿಸಿಕೊಳ್ಳುವ ಜನ. ನಗಬೇಡಿ, ನಾನೂ ಕೊಟ್ಟಿದ್ದೇನೆ. ಸುಮ್ನೆ "ಏನಾದರೂ ಬರಿ" ಅಂದರೆ ಪೆನ್ಸಿಲ್ ಕಚ್ಚುತ್ತಾ ಕೂರುವ ಹುಡುಗ, "ನಿನಗೆ ಬಾಲ ಇದ್ದಿದ್ದರೆ?" ಅಂದರೆ ಶುರು ಮಾಡಿಬಿಡುತ್ತಾನೆ. ತಿಂಡಿ ಆದ ಮೇಲೆ ಹತ್ತು ನಿಮಿಷ, ಅಷ್ಟೇ. ಅವನು ಬಾಯಲ್ಲಿ ಹೇಳುತ್ತಾನೆ, ನಾನು ತೆಳ್ಳಗೆ ಬರೆದುಕೊಡುತ್ತೇನೆ, ಅದರ ಮೇಲೆ ತಿದ್ದುತ್ತಾನೆ. ಒಂದು ಸಾಲು ಮಾತ್ರ ಅವನದೇ. ಅದರ ತಪ್ಪು ನಾನು ತಿದ್ದುವುದಿಲ್ಲ. ನಿಮ್ಮ ಕೆಂಪು ಪೆನ್ನು ನೆನಪಾಗಿ ಕೈ ತುರಿಸುತ್ತದೆ, ಆದರೂ ಇಲ್ಲ. ತಿದ್ದಿದ ದಿನ ಬರೆಯುವುದೇ ಕಮ್ಮಿಯಾಗುತ್ತದೆ.

"ಹಿಮದ ಗೊಂಬೆಗೆ ಏನು ಹೆಸರಿಡುತ್ತೀ" ಎಂಬಂಥ ಪ್ರಶ್ನೆ ಬಂದರೆ ಅದರ ಮೇಲೆ ಚೀಟಿ ಅಂಟಿಸಿ ಕನ್ನಡದಲ್ಲಿ ಬೇರೆ ಕೇಳುತ್ತೇನೆ. "ಅಂತರಗಂಗೆಯಲ್ಲಿ ಏನು ನೋಡಿದೆ?" ಅಂದಿದ್ದಕ್ಕೆ ಬಸವನ ಬಾಯಿಂದ ಬರುವ ನೀರು ಬರೆಯುತ್ತಾನೆ ಅಂದುಕೊಂಡಿದ್ದೆ. ಬರೆದದ್ದು ನಿಮ್ಮ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡ ಕೋತಿ.

ಈಗ ನಿಜವಾದ ವಿಷಯ. ಮೊನ್ನೆಯ ಪ್ರಶ್ನೆ, "ನಿನಗೆ ಇಷ್ಟವಾದವರ ಚಿತ್ರ ಬರೆ". ನಿಮ್ಮನ್ನು ಬರೆದ. ಕನ್ನಡಕ, ಕುರ್ಚಿ, ಪಂಚೆ. ಒಂದು ಕಾಲಿಗೆ ಮಾತ್ರ ಹಳದಿ ಬಣ್ಣ. ಕೆಳಗೆ "ತತ ಕಲು ಬಟೆ" ಅಂತ ಅವನ ಸ್ವಂತ ಸಾಲು. "ಏನೋ ಇದು, ಬ್ಯಾಟಾ?" ಅಂದೆ. "ಅಲ್ಲಮ್ಮ, ಬಟ್ಟೆ. ತಾತ ಕಾಲಿಗೆ ಸುತ್ತಿಕೊಂಡಿದ್ದಾರಲ್ಲ, ಫೋನ್ ಬಿದ್ದಾಗ ಕಾಣಿಸ್ತು" ಅಂದ.

ಮಂಜುಗೆ ಫೋನ್ ಮಾಡಿ ಬೈದ ಮೇಲೆ ಬಾಯಿ ಬಿಟ್ಟ. ಮೂರು ವಾರವಂತೆ! ಬರಿಗಾಲಲ್ಲಿ ತೋಟಕ್ಕೆ ಹೋಗಿ ಕಲ್ಲು ತಾಗಿದ್ದು, ಅರಿಶಿನ ಹಚ್ಚಿಕೊಂಡು ಕೂತಿದ್ದೀರಂತೆ. ಆ ಹಳದಿ ಪೂರ್ತಿ ಅರಿಶಿನವೇನಾ ಅಪ್ಪ? ಅಮ್ಮ, ನೀನಾದರೂ ಹೇಳು. ಕೀವು ಇದೆಯಾ? ವಾಸನೆ ಬರುತ್ತಾ? ಸುತ್ತ ಕೆಂಪಗಾಗಿದೆಯಾ?

"ನೋವೇ ಇಲ್ಲ" ಅಂದಿರಂತೆ. ಅದೇ ನನಗೆ ಹೆದರಿಕೆ. ಸಕ್ಕರೆ ಕಾಯಿಲೆಯಲ್ಲಿ ಪಾದದ ನರ ಮಂಕಾಗಬಹುದು, ಆಗ ನೋವು ಗೊತ್ತೇ ಆಗುವುದಿಲ್ಲ. ರಕ್ತ ಓಡಾಟವೂ ಕಮ್ಮಿಯಾದರೆ ಗಾಯ ಮಾಯುವುದಿಲ್ಲ. ನಾಳೆ ಬೆಳಗ್ಗೆ ಡಾಕ್ಟರ ಹತ್ತಿರ ಹೋಗಿ. ನಾಡಿದ್ದು ಅಲ್ಲ, ನಾಳೆ. ಮೂರು ತಿಂಗಳ ಸಕ್ಕರೆ ತೋರಿಸುವ ರಕ್ತಪರೀಕ್ಷೆಯನ್ನೂ ಮಾಡಿಸಿ. ಅರಿಶಿನ ನಿಲ್ಲಿಸಿ. ಮನೆಯೊಳಗೂ ಚಪ್ಪಲಿ ಹಾಕಿ. ಅಮ್ಮ, ದಿನಾ ರಾತ್ರಿ ಎರಡೂ ಪಾದದ ಅಡಿ ನೀನೇ ನೋಡು, ಬೆರಳ ಸಂದಿಯನ್ನೂ. ಶ್ರೀನಿವಾಸಪುರದ ಮಾವಿನ ಬುಟ್ಟಿ ಬಂದಿದೆಯಂತಲ್ಲ, ಅದನ್ನು ಮಂಜು ಮನೆಗೆ ಕಳಿಸಿ.

ದುಡ್ಡು ಮಂಜು ಖಾತೆಗೆ ಹಾಕಿದ್ದೇನೆ. "ಯಾಕೆ ಹಾಕಿದೆ" ಅನ್ನಬೇಡಿ. ನಮಗೆ ಇಲ್ಲಿ ಯಾವ ತೊಂದರೆಯೂ ಇಲ್ಲ. ಪುಟ್ಟ ಓದುತ್ತಾನೆ, ಬರೆಯುತ್ತಾನೆ, ಊಟ ಮಾಡುತ್ತಾನೆ, ನಾನು ಚೆನ್ನಾಗಿ ನಿದ್ದೆ ಮಾಡುತ್ತೇನೆ. ಇವತ್ತೊಂದು ರಾತ್ರಿ ಮಾತ್ರ ನಿದ್ದೆ ಇಲ್ಲ.

ಫೋನಿನಲ್ಲಾದರೆ ನೀವು "ಆಯ್ತಮ್ಮ" ಅಂತ ಇಟ್ಟುಬಿಡುತ್ತೀರಿ, ಅದಕ್ಕೇ ಬರೆದೆ. ಇದರ ಫೋಟೋ ಮಂಜುಗೆ ಕಳಿಸುತ್ತಿದ್ದೇನೆ, ಪ್ರಿಂಟ್ ತೆಗೆಸಿ ತರುತ್ತಾನೆ. ಪುಟ್ಟನ ಚಿತ್ರವೂ ಜೊತೆಗಿದೆ. "ತತ"ಕ್ಕೆ ದೀರ್ಘ ಬಿಟ್ಟಿದ್ದಾನೆ, ಬೇಕಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ. ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ.

ಇವರು ಕರೆಯುತ್ತಿದ್ದಾರೆ, ಪುಟ್ಟ ಎದ್ದ ಅಂತ. ಮುಗಿಸುತ್ತೇನೆ. ಮಾತ್ರೆ ಚೀಟಿ ತಗೊಂಡು ಹೋಗಿ.

ನಿಮ್ಮ
ಲತಾ