ಗಾಯಗೊಂಡು ಊರಿಗೆ ಬಂದವರ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

1971ರ ಪಾಕಿಸ್ತಾನ ಯುದ್ಧ ಗೆದ್ದ ನೆನಪಿನ ಡಿಸೆಂಬರ್ 16ರ ವಿಜಯ ದಿವಸಕ್ಕೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಬಸಂತರ್ ನದಿ ಹತ್ತಿರ ಉರಿಯುತ್ತಿದ್ದ ಟ್ಯಾಂಕ್ ಬಿಟ್ಟು ಬರದೆ ಹೋರಾಡಿ ಮಡಿದ, ಬರೀ 21 ವರ್ಷದ ಅರುಣ್ ಖೇತರ್‌ಪಾಲ್ ಬಗ್ಗೆ ಚೆನ್ನಾಗಿಯೇ ಬರೆದಿದ್ದೀರಿ. ಆದರೆ ಆ ಟ್ಯಾಂಕುಗಳಿಗೆ ನೆಲಬಾಂಬ್ ತೆಗೆದು ದಾರಿ ಮಾಡಿಕೊಟ್ಟವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಮ್ಮ ದೊಡ್ಡಪ್ಪ ಆ ಕೆಲಸದಲ್ಲಿದ್ದರು. ಬೆಂಗಳೂರಿನ ಹಲಸೂರಿನಲ್ಲಿ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಸೇರಿ, 1971ರ ಡಿಸೆಂಬರ್ 15ರ ರಾತ್ರಿ ಪಾಕಿಸ್ತಾನದ ಶಕರ್‌ಗಢದ ಕಡೆ ಬಲಗಾಲು ಕಳೆದುಕೊಂಡರು, ಮೊಣಕಾಲಿನ ಕೆಳಗೆ. ಆಮೇಲೆ ಪುಣೆಯ ಕೃತಕ ಕಾಲು ಕೇಂದ್ರ. ಕಾಲು ಸವೆದಾಗೆಲ್ಲ ಅರಸೀಕೆರೆಯಲ್ಲಿ ರೈಲು ಹತ್ತಿ, ಮೀರಜ್‌ನಲ್ಲಿ ಇಳಿದು ಇನ್ನೊಂದು ರೈಲು ಹಿಡಿದು ಅಲ್ಲಿಗೆ ಹೋಗಬೇಕಿತ್ತು. ಬುತ್ತಿ ಕಟ್ಟಿಕೊಂಡು ಒಬ್ಬರೇ ಹೋಗುತ್ತಿದ್ದರು, ಯಾರಾದರೂ ಜೊತೆಗೆ ಬರ್ತೀವಿ ಅಂದರೆ ಸಿಟ್ಟು.

ಯುದ್ಧದ ಕಥೆ ಹೇಳಿ ಅಂತ ನಾವು ಹುಡುಗರು ಎಷ್ಟು ಪೀಡಿಸಿದರೂ ಹೇಳುತ್ತಿರಲಿಲ್ಲ. ಒಂದು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಸದಾಗಿ ಉತ್ತ ಹೊಲಕ್ಕೆ ಅವರು ಮೊದಲು ಇಳಿಯುತ್ತಿರಲಿಲ್ಲ, ಅಪ್ಪ ಮುಂದೆ ಹೋದರೆ ಅವರ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ಹಿಂದೆ ಬರುತ್ತಿದ್ದರು. ನಾವು ಅದನ್ನ ಆಟ ಅಂದುಕೊಂಡು ಅವರ ಹಿಂದೆ ಸಾಲಾಗಿ ನಡೆಯುತ್ತಿದ್ದೆವು! ನೆಲಬಾಂಬ್ ಇರುವ ಕಡೆ ನಡೆಯುವುದೇ ಹಾಗೆ ಅಂತ ಗೊತ್ತಾದದ್ದು ನನಗೆ ಮೀಸೆ ಬಂದ ಮೇಲೆ.

ಸಂತೆಯಲ್ಲಿ ಯಾರಾದರೂ "ಕಾಲಿಗೆ ಏನಾಯ್ತು ಯಜಮಾನ್ರೇ, ಬಸ್ಸಾ?" ಅಂತ ಕೇಳಿದರೆ "ಹೂಂ ಕಣಪ್ಪ, ಬಸ್ಸು" ಅಂದು ಮುಂದೆ ಹೋಗುತ್ತಿದ್ದರು. ಯುದ್ಧ ಅಂದರೆ ಮತ್ತೆ ಹತ್ತು ಪ್ರಶ್ನೆ, ಅಲ್ವಾ? ಗಾಯಗೊಂಡವರಿಗೆ ಕೊಡುವ ಪದಕ ಟ್ರಂಕಿನಲ್ಲೇ ಇತ್ತು, ನಾವು ನೋಡಿದ್ದು ಅವರು ತೀರಿಕೊಂಡ ಮೇಲೆ.

ಸತ್ತವರನ್ನು ನೆನೆಯಬೇಡಿ ಅಂತಲ್ಲ. ಆದರೆ 71ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರಿಗೂ ಈಗ ಎಪ್ಪತ್ತು ದಾಟಿದೆ. ಮುಂದಿನ ಡಿಸೆಂಬರ್‌ವರೆಗೆ ಕಾಯದೆ ನಿಮ್ಮ ತಾಲ್ಲೂಕು ವರದಿಗಾರರನ್ನು ಇಂಥವರ ಮನೆಗೆ ಕಳಿಸಿ. ನಮ್ಮ ಪಕ್ಕದ ಊರಲ್ಲೇ ಒಬ್ಬರಿದ್ದಾರೆ. ಕಿವಿ ಮಂದ, ಸ್ವಲ್ಪ ಜೋರಾಗಿ ಕೇಳಬೇಕು. ಬೆಳಿಗ್ಗೆ ಹೊತ್ತು ಹೋದರೆ ಜಗಲಿ ಮೇಲೇ ಸಿಗುತ್ತಾರೆ.

– ನಿಮ್ಮ ಓದುಗ, ಅರಸೀಕೆರೆ ತಾಲ್ಲೂಕು