ನ್ಯಾನೋ ಇಂಜೆಕ್ಷನ್ ಮೆಸೇಜ್ ಬಗ್ಗೆ

ಪಿ.ಜೆ. ಬಡಾವಣೆ ಗುಂಪಿನ ಎಲ್ಲರಿಗೂ ನಮಸ್ಕಾರ.

"ನ್ಯಾನೋ ಇಂಜೆಕ್ಷನ್‌ಗೆ ಮೆದುಳಿನ ಗಡ್ಡೆ ಕರಗುತ್ತೆ" ಅನ್ನೋ ಮೆಸೇಜ್ ನಿನ್ನೆಯಿಂದ ಓಡಾಡ್ತಿದೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಆ ಮೆಸೇಜ್‌ನಲ್ಲಿ ಹೇಳಿರುವ ಫೆರುಮಾಕ್ಸಿಟಾಲ್ ಎಂಬ ಇಂಜೆಕ್ಷನ್ ಗಡ್ಡೆ ಕರಗಿಸುವ ಔಷಧವೇ ಅಲ್ಲ. ಅದು ಕಬ್ಬಿಣದ ಆಕ್ಸೈಡ್ ಕಣ, ಗಾತ್ರ ಸುಮಾರು 30 ನ್ಯಾನೋಮೀಟರ್. 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಕಿಡ್ನಿ ರೋಗಿಗಳ ರಕ್ತಹೀನತೆಗೆ. ಮೆದುಳಿನ ಎಂಆರ್‌ಐಗೂ ಸಂಶೋಧಕರು ಬಳಸಿ ನೋಡಿದ್ದಾರೆ.

ವಿಷಯ ಮಾತ್ರ ಸ್ವಾರಸ್ಯವಾಗಿದೆ. ರಕ್ತದಲ್ಲಿರುವ ವಸ್ತುಗಳು ಮೆದುಳಿಗೆ ಸೋರದಂತೆ ತಡೆಯುವ ರಕ್ತನಾಳಗಳ ಗೋಡೆ ಗಡ್ಡೆ ಇರುವ ಕಡೆ ಸಡಿಲವಾಗಿರುತ್ತದೆ. ಎಂಆರ್‌ಐ ಚಿತ್ರ ಸ್ಪಷ್ಟವಾಗಲು ಮಾಮೂಲಿಯಾಗಿ ಕೊಡುವ ಗ್ಯಾಡೋಲಿನಿಯಂ ಇಂಜೆಕ್ಷನ್ ಅಲ್ಲಿ ಬೇಗ ಸೋರುತ್ತದೆ, ಬೇಗ ಮೂತ್ರದಲ್ಲಿ ಹೋಗುತ್ತದೆ. ಈ ಕಣಗಳು ಅದಕ್ಕಿಂತ ದೊಡ್ಡವು, ನಿಧಾನಕ್ಕೆ ಸೋರುತ್ತವೆ. ಅಲ್ಲಿನ ರಕ್ಷಣಾ ಕೋಶಗಳು ಅವನ್ನು ನುಂಗಿ ಇಟ್ಟುಕೊಳ್ಳುತ್ತವೆ. ಹಾಗಾಗಿ ಮರುದಿನ ಸ್ಕ್ಯಾನ್ ಮಾಡಿದರೂ ಆ ಜಾಗ ಎದ್ದು ಕಾಣುತ್ತದೆ. ಆದರೆ ಅಪರೂಪಕ್ಕೆ ಜೀವಕ್ಕೇ ಕುತ್ತು ತರುವ ಅಲರ್ಜಿ ಆಗಬಹುದು.

ಸ್ಕ್ಯಾನ್‌ಗೆ ಹೋಗುವವರು ಸುಮ್ನೆ "ಅದನ್ನೇ ಹಾಕಿ" ಎಂದು ಹಟ ಹಿಡಿಯಬೇಡಿ. ಚೀಟಿಯಲ್ಲಿ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಇಂಜೆಕ್ಷನ್) ಎಂದಿದ್ದರೆ ಕ್ರಿಯಾಟಿನಿನ್ ರಿಪೋರ್ಟ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ಜೊತೆಗಿರಲಿ. ಕಿಡ್ನಿ ತೊಂದರೆ, ಅಲರ್ಜಿ, ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಬಳೆ, ಉಂಗುರ ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ಹಳೇ ಫಿಲ್ಮ್ ಇದ್ದರೆ ಬಿಸಾಕಬೇಡಿ, ಹೋಲಿಸಿ ನೋಡೋಕೆ ಡಾಕ್ಟರ್ ಕೇಳ್ತಾರೆ.